ಹೂಟರ್ ಹೊಡೆದ ಮೇಲೂ ಗೋಲು ಕೊಡಬಹುದೇ?

ಪ್ರಶ್ನೆ: ನಾನು ತುಮಕೂರಿನ ಪದವಿ ಕಾಲೇಜೊಂದರ ವಿದ್ಯಾರ್ಥಿ. ನಮ್ಮ ಹುಡುಗರ ಹಾಕಿ ತಂಡ ಅಂತರ ಕಾಲೇಜು ಫೈನಲ್‌ಗೆ ಬಂದಿತ್ತು. ಪಂದ್ಯ ಬೆಂಗಳೂರಿನ ಟರ್ಫ್ (ಕೃತಕ ಹುಲ್ಲಿನ ಮೈದಾನ) ಮೇಲೆ. ಎರಡು ಬಸ್ ಮಾಡಿಕೊಂಡು ಹೋಗಿದ್ದೆವು. ಮೂರು ಕ್ವಾರ್ಟರ್ ಮುಗಿದಾಗ 1-0 ಮುಂದಿದ್ದೆವು. 50ನೇ ನಿಮಿಷದಲ್ಲಿ ನಮ್ಮ ಸೆಂಟರ್ ಹಾಫ್ ಹಿಂದಿನಿಂದ ಸ್ಟಿಕ್ ಅಡ್ಡ ಹಾಕಿದ ಅಂತ ಹಳದಿ ಕಾರ್ಡ್ ಕೊಟ್ಟರು. 53ರಲ್ಲಿ ಪೆನಾಲ್ಟಿ ಕಾರ್ನರ್‌ನಿಂದ (ಫೌಲ್‌ಗೆ ಶಿಕ್ಷೆಯಾಗಿ, ಗೋಲಿನ ಪಕ್ಕದಿಂದ ಚೆಂಡು ತಳ್ಳಿಸಿಕೊಂಡು ಹೊಡೆಯುವ ಅವಕಾಶ) ಅವರು 1-1 ಮಾಡಿದರು. ಕೊನೇ ಸೆಕೆಂಡುಗಳಲ್ಲಿ ಅವರಿಗೆ ಇನ್ನೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸಮಯ ಮುಗಿದ ಹೂಟರ್ ಹೊಡೆದರೂ ಆಡಿಸಿದರು. ಹೊಡೆತ ಅದೇ ಸೆಂಟರ್ ಹಾಫ್‌ನ ಮೊಣಕಾಲಿನ ಕೆಳಗೆ ಬಡಿದು ಅವನು ಬಿದ್ದ. ನಮಗೆ ಫ್ರೀ ಹಿಟ್ ಕೊಡುವುದು ಬಿಟ್ಟು ಅವರಿಗೇ ಮತ್ತೆ ಕಾರ್ನರ್ ಕೊಟ್ಟರು, ಅದು ಗೋಲಾಯಿತು. ನಮಗೆ 7 ಪೆನಾಲ್ಟಿ ಕಾರ್ನರ್ ಸಿಕ್ಕಿ ಒಂದೂ ಗೋಲಾಗಲಿಲ್ಲ, ಅವರಿಗೆ 4ರಲ್ಲಿ 2. ಇದು ಅಂಪೈರ್ ಮೋಸವೇ, ನಮ್ಮ ಹಣೆಬರಹವೇ? ದೂರು ಕೊಡಬಹುದೇ? ಮುಂದಿನ ವರ್ಷಕ್ಕೆ ಅಭಿಮಾನಿಗಳಿಂದ ಏನಾದರೂ ಆಗುತ್ತದೆಯೇ?

ಉತ್ತರ: ನೀವು ಬರೆದ ವಿವರವನ್ನೇ ಹಿಡಿದು ಹೇಳುವುದಾದರೆ ಅಂಪೈರ್ ಎಲ್ಲೂ ತಪ್ಪಿಲ್ಲ. ಹಣೆಬರಹವೂ ಅಲ್ಲ. ನಿಮ್ಮ ತಂಡದಲ್ಲಿ ಪೆನಾಲ್ಟಿ ಕಾರ್ನರ್ ತಡೆಯಲು ಮೊದಲು ಓಡುವವನು ಒಬ್ಬನೇ ಇದ್ದಂತಿದೆ, ಅವನೇ ಆ ಸೆಂಟರ್ ಹಾಫ್. ಮೊದಲ ಗೋಲು ಬಿದ್ದಾಗ ಅವನು ಕಾರ್ಡ್ ತಗೊಂಡು ಹೊರಗೆ ಕೂತಿದ್ದ, ಎರಡನೇ ಗೋಲಿಗೆ ಸ್ವಲ್ಪ ಮೊದಲು ಕಾಲಿಗೆ ಪೆಟ್ಟು ತಿಂದು ಬಿದ್ದಿದ್ದ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ನೀವು ಅದನ್ನು ಜೋಡಿಸಿ ನೋಡಿಲ್ಲ ಅಷ್ಟೆ.

ಮೊದಲು ಹೂಟರ್ ವಿಚಾರ ಮುಗಿಸಿಬಿಡೋಣ, ಬಸ್ಸಿನಲ್ಲಿ ಹೆಚ್ಚು ಜಗಳ ಆಗಿರುವುದು ಅದರ ಮೇಲೇ ಇರಬೇಕು. ಹಾಕಿಯಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ಯಾವ ಕ್ವಾರ್ಟರ್ ಆದರೂ, ಸಮಯ ಮುಗಿಯುವ ಮೊದಲು ಪೆನಾಲ್ಟಿ ಕಾರ್ನರ್ ಕೊಟ್ಟಿದ್ದರೆ ಅದು ಪೂರ್ತಿಯಾಗುವವರೆಗೆ ಆಟ ಮುಂದುವರಿಯುತ್ತದೆ. ಅದರಿಂದ ಇನ್ನೊಂದು ಕಾರ್ನರ್ ಅಥವಾ ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬನ ಎದುರು ಹೊಡೆತ) ಹುಟ್ಟಿದರೆ ಅದನ್ನೂ ಆಡಿಸಲೇಬೇಕು. ಗೋಲಾದರೆ, ದಾಳಿ ಮಾಡುವವರು ಫೌಲ್ ಮಾಡಿದರೆ, ಚೆಂಡು ಬ್ಯಾಕ್ ಲೈನ್ (ಗೋಲಿರುವ ಕಡೆಯ ಅಂಚಿನ ಗೆರೆ) ದಾಟಿ ಇನ್ನೊಂದು ಕಾರ್ನರ್ ಸಿಗದಿದ್ದರೆ ಅಥವಾ ಚೆಂಡು ಡಿಯಿಂದ (ಗೋಲಿನ ಮುಂದಿನ ಅರ್ಧವೃತ್ತ) 5 ಮೀಟರ್‌ಗಿಂತ ಆಚೆ ಹೋದರೆ ಕಾರ್ನರ್ ಮುಗಿಯಿತು. ಸಮಯ ಆದ ಮೇಲಿನ ಕಾರ್ನರ್‌ಗೆ ಇನ್ನೊಂದು ಮಾತು ಸೇರುತ್ತದೆ: ಚೆಂಡು ಎರಡನೇ ಸಲ ಡಿಯಿಂದ ಹೊರಬಿದ್ದರೂ ಮುಗಿದಂತೆ (ಮೊದಲ ಸಲ ಹೊಡೆಯುವವರಿಗೆ ತಳ್ಳಿದಾಗಲೇ ಹೊರಗೆ ಹೋಗಿರುತ್ತದೆ). ನಿಮ್ಮ ಹುಡುಗರು ತಿಳಿದಿರಬೇಕಾದದ್ದು ಇದನ್ನೇ. ಆ ಹೊತ್ತಿನಲ್ಲಿ ಚೆಂಡನ್ನು ಚೆಂದವಾಗಿ ಹಿಡಿದು ಪಾಸ್ ಕೊಡುವ ಅಗತ್ಯವಿಲ್ಲ. ಹೇಗಾದರೂ ಡಿಯಿಂದ ಆಚೆ ತಳ್ಳಿದರೆ ಪಂದ್ಯ 1-1ಕ್ಕೆ ನಿಲ್ಲುತ್ತದೆ, ಆಮೇಲೆ ಶೂಟೌಟ್. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪದಕದ ಪಂದ್ಯದಲ್ಲಿ ಭಾರತ 5-4 ಮುಂದಿದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದ್ದು ಬರೀ ಆರು ಸೆಕೆಂಡು ಉಳಿದಿದ್ದಾಗ. ಗೋಲ್‌ಕೀಪರ್ ಶ್ರೀಜೇಶ್ ಅದನ್ನು ತಡೆದರು. ಗಡಿಯಾರ ಸೊನ್ನೆಗೆ ಬಂದಿದ್ದರೂ ಆ ಹೊಡೆತವನ್ನು ಅವರು ಎದುರಿಸಲೇಬೇಕಿತ್ತು.

ಕಾಲಿಗೆ ಬಡಿದ ಚೆಂಡಿನ ವಿಚಾರ ಸ್ವಲ್ಪ ಸೂಕ್ಷ್ಮ. ಪೆನಾಲ್ಟಿ ಕಾರ್ನರ್‌ನ ಮೊದಲ ಹೊಡೆತ 5 ಮೀಟರ್ ಒಳಗಿರುವ ರಕ್ಷಕನಿಗೆ ಮೊಣಕಾಲಿನ ಕೆಳಗೆ ಬಡಿದರೆ ಮತ್ತೆ ಪೆನಾಲ್ಟಿ ಕಾರ್ನರ್. ಸಹಜವಾಗಿ ನಿಂತ ಭಂಗಿಯಲ್ಲಿ ಮೊಣಕಾಲಿಗೆ ಅಥವಾ ಅದಕ್ಕಿಂತ ಮೇಲೆ ಬಡಿದರೆ ಹೊಡೆತ ಅಪಾಯಕಾರಿ ಅಂತ ಲೆಕ್ಕ, ರಕ್ಷಣೆಯವರಿಗೆ ಫ್ರೀ ಹಿಟ್. ಮೊಣಕಾಲಿನ ಕೆಳಗೆ ಅಂತ ನೀವೇ ಬರೆದಿದ್ದೀರಿ, ಅಲ್ಲಿಗೆ ತೀರ್ಪು ಸರಿ. ಪೆಟ್ಟು ಎಷ್ಟು ಜೋರು, ಹುಡುಗ ಬಿದ್ದನೋ ಎದ್ದನೋ ಎಂಬುದು ಇದರಲ್ಲಿ ಬರುವುದಿಲ್ಲ. ಸ್ಟಿಕ್ಕಿನಿಂದ ಆಡುವ ಪ್ರಯತ್ನವನ್ನೇ ಮಾಡದೆ ಚೆಂಡಿಗೆ ಮೈಯೊಡ್ಡಿ ಓಡಿದರೆ ಅದೂ ರಕ್ಷಕನದೇ ತಪ್ಪು.

ಹಾಗಾಗಿ ದೂರಿನ ಆಸೆ ಬಿಡಿ. ಟೂರ್ನಿಗಳಲ್ಲಿ ಸಾಮಾನ್ಯವಾಗಿ ದೂರು ನಡೆಯುವುದು ಆಟಗಾರನ ಅರ್ಹತೆ, ನಿಯಮದ ತಪ್ಪು ಬಳಕೆ ಇಂಥವುಗಳ ಮೇಲೆ. ಅಂಪೈರ್ ಕಣ್ಣಾರೆ ಕಂಡು ಕೊಟ್ಟ ತೀರ್ಪನ್ನು ಮೇಜಿನ ಮೇಲೆ ಯಾರೂ ತಿರುಗಿಸುವುದಿಲ್ಲ.

ಈಗ ಆ ಹಳದಿ ಕಾರ್ಡ್. ಹಸಿರಾದರೆ 2 ನಿಮಿಷ, ಹಳದಿಯಾದರೆ ಕನಿಷ್ಠ 5 ನಿಮಿಷ ಹೊರಗೆ, ಆ ಹೊತ್ತಿಗೆ ಬದಲಿ ಆಟಗಾರನಿಲ್ಲ. 50ಕ್ಕೆ ಹೋದವನು 55ರವರೆಗೆ ಬರುವ ಹಾಗಿಲ್ಲ, 53ಕ್ಕೆ ಗೋಲು ಬಿತ್ತು. ಹತ್ತೇ ಜನ ಇದ್ದಿದ್ದರಿಂದ ಬಿತ್ತು ಅನ್ನುವಿರಿ. ಆದರೆ ಪೆನಾಲ್ಟಿ ಕಾರ್ನರ್ ಮಟ್ಟಿಗೆ ಆ ಲೆಕ್ಕ ಪೂರ್ತಿ ಹಿಡಿಯುವುದಿಲ್ಲ. ಹನ್ನೊಂದು ಜನರಿದ್ದರೂ ಬ್ಯಾಕ್ ಲೈನ್ ಹಿಂದೆ ನಿಲ್ಲಬಹುದಾದವರು ಗೋಲ್‌ಕೀಪರ್ ಸೇರಿ ಐದೇ ಮಂದಿ, ಉಳಿದವರೆಲ್ಲ ಸೆಂಟರ್ ಲೈನ್ ಆಚೆ. ಹತ್ತು ಜನರಿದ್ದಾಗಲೂ ಅದೇ ಐದು. ತಲೆ ಕಡಿಮೆಯಾಗಿರಲಿಲ್ಲ, ಓಡಲು ಗೊತ್ತಿದ್ದವನು ಇರಲಿಲ್ಲ.

ಇದು ನಿಮ್ಮ ಕಾಲೇಜಿಗೆ ಮಾತ್ರ ಬಂದ ಕಷ್ಟವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲೇ ಭಾರತದ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಆಯಿತು. ಉಳಿದ ಹತ್ತು ಮಂದಿ 1-1ರಲ್ಲಿ ಹಿಡಿದು ನಿಲ್ಲಿಸಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅದರ ಬೆಲೆ ತೆತ್ತದ್ದು ಸೆಮಿಫೈನಲ್‌ನಲ್ಲಿ. ಒಂದು ಪಂದ್ಯದ ನಿಷೇಧದಿಂದ ರೋಹಿದಾಸ್ ಹೊರಗಿದ್ದರು, ಅವರೇ ಭಾರತದ ಮುಖ್ಯ ಮೊದಲ ರಶರ್, ಅಂದರೆ ಕಾರ್ನರ್ ತಡೆಯಲು ಮೊದಲು ಓಡುವವರು. ಜರ್ಮನಿಯ ಮೊದಲ ಗೋಲು ಗೊಂಜಾಲೊ ಪೇಯಾಟ್ ಹೊಡೆದ ಪೆನಾಲ್ಟಿ ಕಾರ್ನರ್‌ನಿಂದಲೇ ಬಂತು. ಭಾರತ 2-3ರಿಂದ ಸೋತಿತು. ಒಲಿಂಪಿಕ್ ತಂಡಕ್ಕೇ ಒಬ್ಬನ ಜಾಗ ತುಂಬುವುದು ಕಷ್ಟವಾಯಿತೆಂದರೆ ನಿಮ್ಮ ಹುಡುಗರನ್ನು ಬೈಯುವ ಮೊದಲು ಸ್ವಲ್ಪ ತಡೆಯಬೇಕು.

ಆ ಕೆಲಸ ಎಂಥದ್ದು ನೋಡಿ. ಚೆಂಡನ್ನು ಒಳಗೆ ತಳ್ಳುವವನು ಹತ್ತಿರದ ಗೋಲ್ ಕಂಬದಿಂದ 10 ಮೀಟರ್ ದೂರದಲ್ಲಿ, ಬ್ಯಾಕ್ ಲೈನ್ ಮೇಲೆ ಇರುತ್ತಾನೆ. ಡಿಯ ತುದಿಯಲ್ಲಿ ಚೆಂಡು ನಿಲ್ಲಿಸಲು ಕಾಯುವ ಸ್ಟಾಪರ್‌ಗೆ ಅಲ್ಲಿಂದ ಸುಮಾರು 19 ಮೀಟರ್. ಟರ್ಫ್ ಮೇಲೆ ಒಳ್ಳೆಯ ತಳ್ಳು ಆ ದೂರ ಮುಟ್ಟಿ, ನಿಂತು, ಹೊಡೆತವಾಗುವ ಹೊತ್ತಿಗೆ ಎರಡು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಮೊದಲ ರಶರ್ ಗೋಲ್ ಒಳಗಿಂದ ಹೊರಟು ಹೊಡೆಯುವವನ ಮೇಲೆ ಬೀಳಬೇಕು. ಚೆಂಡು ತಳ್ಳುವ ಮೊದಲೇ ಗೆರೆ ದಾಟಿದರೆ ಅವನನ್ನು ಸೆಂಟರ್ ಲೈನ್ ಆಚೆ ಕಳಿಸುತ್ತಾರೆ, ಅವನ ಬದಲು ಬೇರೆಯವನನ್ನು ಕರೆಸುವಂತಿಲ್ಲ, ನಾಲ್ವರೇ ತಡೆಯಬೇಕು. ಹಾಗಾಗಿ ಕಣ್ಣು ತಳ್ಳುವವನ ಕೈ ಮೇಲಿರಬೇಕು, ಅವನ ಕಾಲು ಅಥವಾ ಮುಖದ ಮೇಲಲ್ಲ. ಓಡುವಾಗ ಸ್ಟಿಕ್ ನೆಲಕ್ಕೆ ತಾಗಿದಂತೆ, ಚೆಂಡು ತನ್ನ ಬಲಪಕ್ಕಕ್ಕೆ ಬರುವಂತೆ, ಮೈ ಚೆಂಡಿನ ನೇರಕ್ಕೆ ಸಿಗದಂತೆ ಒಂದು ಗೆರೆ ಹಿಡಿಯಬೇಕು. ಹಾಗೆ ಓಡಿದರೆ ಎರಡು ಲಾಭ. ಗೋಲಿನ ಆ ಒಂದು ಭಾಗ ಹೊಡೆಯುವವನಿಗೆ ಮುಚ್ಚಿಹೋಗುತ್ತದೆ, ಉಳಿದ ಭಾಗವನ್ನು ಮಾತ್ರ ನೋಡಿಕೊಂಡರೆ ಸಾಕು ಅಂತ ಗೋಲ್‌ಕೀಪರ್‌ಗೂ ಗೊತ್ತಿರುತ್ತದೆ. ಕೊನೆಯ ಹೆಜ್ಜೆಯಲ್ಲಿ ನೇರಕ್ಕೆ ನುಗ್ಗಿದರೆ ಚೆಂಡು ಮುಂಗಾಲಿಗೆ ಬಡಿಯುತ್ತದೆ. ಐದು ನಿಮಿಷ ಬೆಂಚಲ್ಲಿ ಕೂತು ಮೈ ತಣ್ಣಗಾಗಿ, ಮನಸ್ಸಿನಲ್ಲಿ ಹಳದಿ ಕಾರ್ಡಿನ ಭಾರ ಹೊತ್ತು ಮರಳಿದವನು ಹಾಗೆ ನುಗ್ಗಿದ್ದರೆ ಆಶ್ಚರ್ಯವೇನೂ ಇಲ್ಲ.

ಮೊದಲನೆಯವನು ಹೊಸಬನಾದರೆ ಅವನ ಹಿಂದಿನ ಸಾಲೆಲ್ಲ ಹಾಳು. ಎರಡನೇ ರಶರ್ ಅರ್ಧ ಹೆಜ್ಜೆ ಅನುಮಾನಿಸುತ್ತಾನೆ, ಕಂಬದ ಹತ್ತಿರ ನಿಂತವನು ಒಳಗೆ ಸರಿಯುತ್ತಾನೆ, ಗೋಲ್‌ಕೀಪರ್ ಎರಡು ಕಡೆಗೂ ಕಾಯುತ್ತಾನೆ. ಗ್ಯಾಲರಿಯಿಂದ ಕಾಣುವುದು ಗೋಲ್‌ಕೀಪರ್‌ನ ಕಾಲ ಸಂದಿಯಿಂದ ಚೆಂಡು ಹೋದದ್ದು ಮಾತ್ರ. ಆ ಹುಡುಗನ ವಿಡಿಯೊ ಈಗಾಗಲೇ ಯಾರದ್ದಾದರೂ ಸ್ಟೇಟಸ್‌ನಲ್ಲಿದ್ದರೆ ದಯವಿಟ್ಟು ತೆಗೆಸಿ.

50ರಿಂದ 55ರವರೆಗೆ ತಂಡ ಏನು ಮಾಡಬಹುದಿತ್ತು? ಒಬ್ಬ ಫಾರ್ವರ್ಡ್‌ನನ್ನು ಹಿಂದಕ್ಕೆ ಎಳೆದು, ಚೆಂಡು ಸಿಕ್ಕಾಗಲೆಲ್ಲ ಎದುರಾಳಿಯ ಮೂಲೆಗೆ ಒಯ್ದು ಅಲ್ಲಿ ಸೈಡ್‌ಲೈನ್ ಹಿಟ್ ಗಿಟ್ಟಿಸಿಕೊಂಡು ಕಾಲ ಕಳೆಯಬೇಕಿತ್ತು. ಒಂದು ಗೋಲು ಮುಂದಿರುವ ಕಾಲೇಜು ತಂಡಗಳು ಇದಕ್ಕೆ ತಿರುಗುಮುರುಗು ಮಾಡುತ್ತವೆ, ಎಲ್ಲರೂ ಡಿ ಒಳಗೆ ಬಂದು ತುಂಬಿಕೊಳ್ಳುತ್ತಾರೆ. ಅಷ್ಟು ಕಾಲುಗಳ ನಡುವೆ ಎದುರಾಳಿಗೆ ಗೋಲು ಹುಡುಕುವ ಕಷ್ಟವೇ ಬೇಡ, ಒಂದು ಕಾಲು ಹುಡುಕಿ ಚೆಂಡು ತಾಗಿಸಿದರೆ ಪೆನಾಲ್ಟಿ ಕಾರ್ನರ್. ಇನ್ನೊಂದು ಬಲೆಯೂ ಇದೆ: 23 ಮೀಟರ್ ಗೆರೆಯ ಒಳಗೆ ಬೇಕೆಂದೇ ಫೌಲ್ ಮಾಡಿದರೆ, ಅದು ಡಿಯಿಂದ ಹೊರಗಿದ್ದರೂ ಪೆನಾಲ್ಟಿ ಕಾರ್ನರ್ ಕೊಡಬಹುದು. ದಣಿದ ಡಿಫೆಂಡರ್ ಕಾಲು ಸಾಗದೆ ಸ್ಟಿಕ್ ಚಾಚುವುದು ಅಲ್ಲೇ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ನಾಲ್ಕನೇ ಕ್ವಾರ್ಟರ್‌ಗೆ ತಾಜಾ ಕಾಲು ಉಳಿಯಬೇಕಾದರೆ ಮೊದಲ ಕ್ವಾರ್ಟರ್‌ನಿಂದಲೇ ಬದಲಿಸುತ್ತಾ ಬರಬೇಕು. ನಿಮ್ಮವರು ಹಾಗೆ ಮಾಡಿದರೋ ಇಲ್ಲವೋ ಪತ್ರದಲ್ಲಿಲ್ಲ.

ಇನ್ನು ನಿಮ್ಮ ಏಳು ಕಾರ್ನರ್‌ಗಳು. ಸೋಲಿನ ಅರ್ಧ ಪಾಲು ಇಲ್ಲಿದೆ, ಮತ್ತೆ ಇದನ್ನು ಸರಿಪಡಿಸುವುದು ಉಳಿದ ಎಲ್ಲಕ್ಕಿಂತ ಸುಲಭ.

ಅಂತರರಾಷ್ಟ್ರೀಯ ತಂಡಗಳೂ ಸಿಕ್ಕ ಕಾರ್ನರ್‌ಗಳಲ್ಲಿ ಹೆಚ್ಚಿನವನ್ನು ಕಳೆದುಕೊಳ್ಳುತ್ತವೆ. ಏಳರಲ್ಲಿ ಸೊನ್ನೆ ಅನ್ನುವುದು ಅಷ್ಟಕ್ಕೇ ಅವಮಾನವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಏಳರಲ್ಲಿ ಎಷ್ಟು ಸಲ ಗೋಲಿನ ಕಡೆ ಹೊಡೆತ ಹೋಯಿತು? ಮಣ್ಣಿನ ಮೈದಾನದಲ್ಲಿ ಬೆಳೆದ ತಂಡ ಟರ್ಫ್‌ಗೆ ಬಂದರೆ ಮೊದಲು ಕೈಕೊಡುವುದು ಚೆಂಡು ನಿಲ್ಲಿಸುವ ಕೆಲಸ. ನಮ್ಮ ಕಡೆಯ ಗಟ್ಟಿ ಕೆಮ್ಮಣ್ಣಿನ, ಗರಸು ಚೆಲ್ಲಿದ ಅಂಗಳದಲ್ಲಿ ತಳ್ಳಿದ ಚೆಂಡು ಎರಡು ಮೂರು ಸಲ ಕುಪ್ಪಳಿಸಿ ವೇಗ ಕಳೆದುಕೊಂಡು ಬರುತ್ತದೆ. ಅದಕ್ಕೆ ಒಗ್ಗಿದ ಸ್ಟಾಪರ್ ಸ್ಟಿಕ್ಕನ್ನು ಸ್ವಲ್ಪ ಎತ್ತಿ ಹಿಡಿದು, ಕುಪ್ಪಳಿಸಿದ ಮೇಲೆ ಒತ್ತುತ್ತಾನೆ. ನೀರು ಹೊಡೆದ ಟರ್ಫ್ ಮೇಲೆ ಅದೇ ಚೆಂಡು ಜಾರುತ್ತಾ ಬೇಗ ಬರುತ್ತದೆ, ಎತ್ತಿದ ಸ್ಟಿಕ್ಕಿನ ಅಡಿಯಲ್ಲೇ ನುಸುಳಿಹೋಗುತ್ತದೆ. ನಿಂತರೂ ಅವನ ಲಯ ತಪ್ಪಿರುವುದರಿಂದ ಹೊಡೆಯುವವನ ಹೆಜ್ಜೆಯೂ ತಪ್ಪುತ್ತದೆ. ದೇಶದ ಹಾಕಿಗೇ ಈ ಪಾಠ ಆಗಿದೆ: ಒಲಿಂಪಿಕ್ಸ್ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆದದ್ದು 1976ರ ಮಾಂಟ್ರಿಯಲ್‌ನಲ್ಲಿ, ಭಾರತ ಏಳನೇ ಸ್ಥಾನಕ್ಕೆ ಇಳಿಯಿತು.

ಹೊಡೆತದ ಎತ್ತರವನ್ನೂ ಗಮನಿಸಿ. ಸ್ಟಿಕ್ ಬೀಸಿ ಹೊಡೆದ ಮೊದಲ ಹಿಟ್ ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿದ್ದರೆ ಗೋಲಿಲ್ಲ. ಗೋಲಿನೊಳಗೆ ಬಲೆಯ ಬುಡದಲ್ಲಿ ಇರುವ ಹಲಗೆಯ ಎತ್ತರವೂ ಅಷ್ಟೇ, ಅದಕ್ಕೇ ಒಳ್ಳೆಯ ಹಿಟ್ ಗೋಲಾದಾಗ ಹಲಗೆಗೆ ಚೆಂಡು ಬಡಿದ 'ಠಪ್' ಸದ್ದು ಮೈದಾನದ ಆಚೆ ತುದಿಗೂ ಕೇಳುತ್ತದೆ. ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಎಸೆಯುವುದು), ಪುಶ್‌ಗೆ (ಬೀಸದೆ ತಳ್ಳುವುದು) ಆ ಮಿತಿ ಇಲ್ಲ. ಕೊಡಗಿನ ವಿ.ಆರ್. ರಘುನಾಥ್ ಅವರ ಫ್ಲಿಕ್ ನೋಡಿ ಬೆಳೆದ ಹುಡುಗರಿಗೆಲ್ಲ ಫ್ಲಿಕ್ ಮಾಡುವ ಆಸೆ. ಆದರೆ ಅದು ವರ್ಷಗಟ್ಟಲೆ ಸೊಂಟ, ಬೆನ್ನು ಗಟ್ಟಿ ಮಾಡಿಕೊಂಡು ಕಲಿಯುವ ವಿದ್ಯೆ. ನನ್ನ ಅಭಿಪ್ರಾಯದಲ್ಲಿ ಮಣ್ಣಿನಲ್ಲಿ ಅಭ್ಯಾಸ ಮಾಡುವ ಕಾಲೇಜು ತಂಡ ಫ್ಲಿಕ್ ಹಿಂದೆ ಬೀಳಬಾರದು. ನೇರ ತಗ್ಗು ಹಿಟ್ ಒಂದು, ಸ್ಟಾಪರ್ ಎಡಕ್ಕೆ ಸರಿಸಿಕೊಡುವ ಚಾಲ್ ಒಂದು, ದೂರದ ಕಂಬದ ಬಳಿ ಸ್ಟಿಕ್ ತಾಗಿಸಿ ದಿಕ್ಕು ಬದಲಿಸುವುದು ಒಂದು. ಈ ಮೂರು ಕೈಗೆ ಬಂದರೆ ಸಾಕು. ಮೊದಲ ಎರಡು ಕಾರ್ನರ್ ನೇರ ಹೊಡೆದು ಸಿಗದಿದ್ದರೆ ಮೂರನೆಯದಕ್ಕೆ ಚಾಲ್ ಬದಲಿಸಲೇಬೇಕು. ಏಳೂ ಸಲ ಒಂದೇ ರೀತಿ ಹೊಡೆದಿದ್ದರೆ ಮೂರನೆಯ ಸಲದಿಂದಲೇ ಅವರ ರಶರ್‌ಗೆ ದಾರಿ ಬಾಯಿಪಾಠವಾಗಿರುತ್ತದೆ.

ಟರ್ಫ್ ಇಲ್ಲದೆ ಇದನ್ನು ಎಲ್ಲಿ ಕಲಿಯುವುದು? ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ನುಣುಪು ಸಿಮೆಂಟು ನೆಲ ಇದಕ್ಕೆ ಸಾಕಷ್ಟು ಒದಗುತ್ತದೆ. ಚೆಂಡು ಕುಪ್ಪಳಿಸದೆ ವೇಗವಾಗಿ ಬರುತ್ತದೆ. 19 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೊನೆಯಲ್ಲಿ ಅರ್ಧ ಮೀಟರ್ ಅಂತರಕ್ಕೆ ಎರಡು ಕೋನ್ ಇಡಿ. ತಳ್ಳುವವನು ದಿನಕ್ಕೆ 40 ಚೆಂಡು ತಳ್ಳಲಿ, ಒಂದು ಪಾದ ಗೆರೆಯಿಂದ ಹೊರಗಿರಲಿ, ಅದು ನಿಯಮ. 40ರಲ್ಲಿ 30 ಕೋನ್ ಮಧ್ಯೆ ಹೋಗುವವರೆಗೆ ಸ್ಟಾಪರ್‌ನನ್ನು ಕರೆಯಬೇಡಿ, ಅವನ ಮೊಣಕೈ, ಸಮಯ ಎರಡೂ ಹಾಳು. ಆಮೇಲೆ ಸ್ಟಾಪರ್: ಸ್ಟಿಕ್ಕನ್ನು ಹೆಚ್ಚುಕಡಿಮೆ ನೆಲಕ್ಕೆ ಮಲಗಿಸಿ, ಎರಡು ಕೈ ದೂರ ದೂರ ಹಿಡಿದು, ಚೆಂಡು ತಾಗುವ ಕ್ಷಣಕ್ಕೆ ಕೈ ಸಡಿಲ ಬಿಡಬೇಕು. ಬಿಗಿ ಹಿಡಿದರೆ ಚೆಂಡು ಮುಂದಕ್ಕೆ ಪುಟಿಯುತ್ತದೆ. ಚೆಂಡು ಡಿಯಿಂದ ಹೊರಗೆ ಹೋಗಿ ಒಳಗೆ ಬಂದರೆ ಮಾತ್ರ ಗೋಲು ಲೆಕ್ಕಕ್ಕೆ, ಆದ್ದರಿಂದ ನಿಲ್ಲಿಸುವ ಜಾಗ ಗೆರೆಯಿಂದ ಒಂದು ಗೇಣಾದರೂ ಆಚೆ ಇರಲಿ. ಹೊಡೆಯುವುದನ್ನು ಮಾತ್ರ ಸಿಮೆಂಟಿನ ಮೇಲೆ ಬೇಡ, ಸ್ಟಿಕ್ ಸೀಳುತ್ತದೆ, ಮಣಿಕಟ್ಟು ನೋಯುತ್ತದೆ. ಅದಕ್ಕೆ ಮಣ್ಣೇ ಸರಿ.

ಇಷ್ಟಾದರೂ ಟರ್ಫ್ ಮುಟ್ಟದೆ ಫೈನಲ್‌ಗೆ ಇಳಿಯಬಾರದು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್, ಬೆಳಗಿನ ರೈಲು ಹತ್ತಿದರೆ ಬಿಸಿಲೇರುವ ಮೊದಲು ಮೈದಾನ. ಟೂರ್ನಿಗೆ ಮೊದಲಿನ ತಿಂಗಳಲ್ಲಿ ನಾಲ್ಕೈದು ಸಲ ಹೋಗಿ ಬಂದರೂ ಪಾಸಿನ ವೇಗ, ಓಟದ ನಿಲುಗಡೆ ಎರಡೂ ಕಾಲಿಗೆ ಹತ್ತುತ್ತದೆ. ಉದ್ದ ಮೊಳೆಯ ಫುಟ್‌ಬಾಲ್ ಬೂಟು ಟರ್ಫ್‌ಗೆ ಆಗದು, ಗಿಡ್ಡ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ ಬೇಕು.

ಅಭಿಮಾನಿಗಳು ಏನು ಮಾಡಬಹುದು ಅಂತ ಕೇಳಿದ್ದೀರಿ. ಕಾಲೇಜು ತಂಡಕ್ಕೆ ವಿಡಿಯೊ ವಿಶ್ಲೇಷಕರು ಇರುವುದಿಲ್ಲ, ನೀವೇ ಆಗಬಹುದು. ಇಬ್ಬರು ಸಾಕು, ಒಬ್ಬ ನೋಡಿ ಹೇಳುವವನು, ಒಬ್ಬ ಬರೆಯುವವನು. ಪ್ರತಿ ಕಾರ್ನರ್‌ಗೂ ಒಂದು ಸಾಲು: ಎಷ್ಟನೇ ನಿಮಿಷ, ಯಾರಿಗೆ, ಯಾಕೆ ಸಿಕ್ಕಿತು, ತಳ್ಳು ಸರಿಯಿತ್ತೇ, ಚೆಂಡು ನಿಂತಿತೇ, ಹೊಡೆತ ಗೋಲಿನ ಕಡೆ ಹೋಯಿತೇ, ಮೊದಲು ಓಡಿದವನು ಯಾರು. ಅದರ ಕೆಳಗೆ ಇನ್ನೆರಡು ಲೆಕ್ಕ: ಕ್ವಾರ್ಟರ್‌ಗೆ ಎಷ್ಟು ಸಲ ಚೆಂಡು ಡಿ ಒಳಗೆ ಹೋಯಿತು, ಎಷ್ಟು ಹೊಡೆತ. ಚೆಂಡು ನಮ್ಮ ಹತ್ತಿರವೇ ಜಾಸ್ತಿ ಇತ್ತು ಎಂಬ ಮಾತು ಈ ಹಾಳೆಯ ಮುಂದೆ ನಿಲ್ಲುವುದಿಲ್ಲ. ಮೊಬೈಲ್ ವಿಡಿಯೊ ತೆಗೆಯುವುದಾದರೆ ಅಡ್ಡ ಹಿಡಿದು, ಸೆಂಟರ್ ಲೈನ್ ನೇರಕ್ಕೆ, ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ, ಜೂಮ್ ಇಲ್ಲದೆ. ಕಾರ್ನರ್ ಸಿಕ್ಕಾಗ ಇನ್ನೊಬ್ಬ ಗೋಲಿನ ಹಿಂಬದಿಯಿಂದ, ಬೇಲಿಯ ಆಚೆ ನಿಂತು ತೆಗೆಯಲಿ. ರಶರ್ ಓಡಿದ ಗೆರೆ ಕಾಣುವುದು ಅಲ್ಲಿಂದ ಮಾತ್ರ. ಹಾಳೆ ಕ್ಯಾಪ್ಟನ್‌ಗೋ ದೈಹಿಕ ಶಿಕ್ಷಣ ನಿರ್ದೇಶಕರಿಗೋ ಹೋಗಲಿ, ಗ್ರೂಪಿಗೆ ಬೇಡ. ತಮಟೆ ಒಯ್ಯುವವರಿಗೂ ಒಂದು ಮಾತು: ನಮ್ಮ ಕಾರ್ನರ್‌ನಲ್ಲಿ ಚೆಂಡು ತಳ್ಳುವ ಹೊತ್ತಿಗೆ ನಿಲ್ಲಿಸಿ. ಚಾಲ್ ಯಾವುದು ಎಂದು ನಮ್ಮ ಆಟಗಾರರು ಕೂಗಿ ಹೇಳಿಕೊಳ್ಳುತ್ತಿರುತ್ತಾರೆ.

ಮುಂದಿನ ತಂಡಕ್ಕೆ ರಶರ್ ಹುಡುಕುವುದು ಪ್ರವೇಶಾತಿ ಮುಗಿದ ವಾರದಲ್ಲೇ ಆಗಬೇಕು. ಎತ್ತರ, ಸ್ಟಿಕ್ ಕೈಚಳಕ ನೋಡಬೇಡಿ. ಸ್ಟಿಕ್ ನೆಲಕ್ಕೆ ತಾಗಿಸಿಕೊಂಡೇ ಮೊದಲ 10 ಮೀಟರ್ ಯಾರು ಬೇಗ ಓಡುತ್ತಾರೆ ನೋಡಿ, ಮೊಬೈಲ್ ಗಡಿಯಾರ ಸಾಕು. ನಾಲ್ವರನ್ನು ಆರಿಸಿ, ವಾರಕ್ಕೆ ಎರಡು ದಿನ ಸರದಿಯಂತೆ ಓಡಿಸಿ. ಮೊದಮೊದಲು ಟೆನಿಸ್ ಬಾಲ್, ಭಯ ಹೋದ ಮೇಲೆ 156ರಿಂದ 163 ಗ್ರಾಂ ತೂಗುವ ನಿಜವಾದ ಚೆಂಡು. ಮುಖಕ್ಕೆ ಮಾಸ್ಕ್, ಮಂಡಿಗೆ ಪ್ಯಾಡ್, ಕೈಗೆ ಗ್ಲೌಸ್, ಹೊಟ್ಟೆಯ ಕೆಳಗೆ ಗಾರ್ಡ್ ಇಲ್ಲದೆ ಯಾರನ್ನೂ ಓಡಿಸಬೇಡಿ. ಬಹಳಷ್ಟು ಕಾಲೇಜುಗಳಲ್ಲಿ ಇದು ಒಂದೇ ಜೊತೆ ಇರುತ್ತದೆ, ಅದಕ್ಕೇ ರಶರ್ ಕೂಡ ಒಬ್ಬನೇ ಆಗಿಬಿಡುತ್ತಾನೆ. ಎರಡು ಬಸ್ಸಿನ ಜನ ಕೈಲಾದಷ್ಟು ಹಾಕಿ ಇನ್ನೂ ಮೂರು ಜೊತೆ ತಂದುಕೊಡಿ.